ಬೆಳಗ್ಗೆ ಹನ್ನೊಂದಕ್ಕೇ 'ಎಂಡ್ ಆಫ್ ದಿ ಡೇ'!



ಆಫೀಸಿನ ಮೀಟಿಂಗ್. ಒಬ್ಬರು 'ಬೇಸಿಕಲಿ' ಎಂದು ಶುರು ಮಾಡುತ್ತಾರೆ. ನಡುವೆ ಹತ್ತು ಸಲ 'ಆಕ್ಚುಲಿ' ಬರುತ್ತದೆ. ಕೊನೆಗೆ 'ಅಟ್ ದಿ ಎಂಡ್ ಆಫ್ ದಿ ಡೇ' ಎನ್ನುತ್ತಾರೆ. ಗಡಿಯಾರ ನೋಡಿದರೆ ಇನ್ನೂ ಬೆಳಗಿನ ಹನ್ನೊಂದು! ಮುಂಬೈ ಇರಲಿ, ಹೈದರಾಬಾದ್ ಇರಲಿ, ಈ ಕಿರಿಕಿರಿ ನಿಮಗೆಲ್ಲ ಗೊತ್ತಿರುವುದೇ.

ಇಂಗ್ಲಿಷ್ ಮನೆಮಾತಾಗಿರುವವರಿಗೂ ಇದೇ ಪಾಡು. ಸರಳ ಇಂಗ್ಲಿಷಿಗಾಗಿ ಬ್ರಿಟನ್ನಿನಲ್ಲಿ 1979ರಲ್ಲಿ ಹುಟ್ಟಿದ 'ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್' 2004ರಲ್ಲಿ ತನ್ನ ಬೆಂಬಲಿಗರನ್ನು ಕೇಳಿದಾಗ, ಅತಿ ಹೆಚ್ಚು ತಲೆ ತಿನ್ನುವ ಮಾತು ಎನಿಸಿಕೊಂಡದ್ದು ಇದೇ 'ಅಟ್ ದಿ ಎಂಡ್ ಆಫ್ ದಿ ಡೇ'. ಅಮೆರಿಕದ ಮ್ಯಾರಿಸ್ಟ್ ಕಾಲೇಜು 2009ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 'ವಾಟೆವರ್' ಗೆದ್ದಿತು. ಶೇಕಡಾ 47 ಜನ ಅದನ್ನೇ ಆರಿಸಿದರು. ಅಲ್ಲಿನ ಮಿಷಿಗನ್ ರಾಜ್ಯದ ಲೇಕ್ ಸುಪೀರಿಯರ್ ಸ್ಟೇಟ್ ಯೂನಿವರ್ಸಿಟಿಯಂತೂ 1976ರಿಂದ ಹೊಸ ವರ್ಷಕ್ಕೆ 'ಗಡೀಪಾರಾಗಬೇಕಾದ ಪದಗಳ' ಪಟ್ಟಿಯನ್ನು ತಮಾಷೆಗೆ ಹೊರಡಿಸುತ್ತ ಬಂದಿದೆ.

ಆದರೆ ಕಿರಿಕಿರಿಗಳೆಲ್ಲ ಒಂದೇ ಜಾತಿಯವಲ್ಲ.

ಮೊದಲನೆಯದು ಸವಕಲು ನಾಣ್ಯ. 'ಲಿಟರಲಿ' ಎಂದರೆ ಅಕ್ಷರಶಃ. 'ನಗು ತಡೆಯದೆ ಲಿಟರಲಿ ಸತ್ತೇ ಹೋದೆ' ಎನ್ನುವವರು ನಮ್ಮೆದುರೇ ಕೂತು ಕಾಫಿ ಕುಡಿಯುತ್ತಿರುತ್ತಾರೆ! ಇದು ಇವತ್ತಿನ ಹುಡುಗರ ಚಾಳಿ ಎಂದುಕೊಳ್ಳಬೇಡಿ. ಮಾರ್ಕ್ ಟ್ವೇನ್ 1876ರ 'ಟಾಮ್ ಸಾಯರ್' ಕಾದಂಬರಿಯಲ್ಲೇ ಈ ಪದವನ್ನು ಹೀಗೆ ಉತ್ಪ್ರೇಕ್ಷೆಗೆ ಬಳಸಿದ್ದಾನೆ. ನಮ್ಮ 'ಅಕ್ಷರಶಃ' ಪದದ ಗತಿಯೂ ಈಗ ಅದೇ ಆಗಿದೆ.

ಎರಡನೆಯದು ತಡವರಿಕೆಯ ಮಾತು. 'ಲೈಕ್', 'ಯೂ ನೋ', 'ಅಂ...'. ಮೈಕ್ ಮುಂದೆ ಕೂರುವ ನಮಗೆ ಮೌನವೆಂದರೆ ಭಯ. ಹಾಗಾಗಿ ಇವುಗಳ ಕಷ್ಟ ನಮಗೆ ಅರ್ಥವಾಗುತ್ತದೆ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಸಂಶೋಧಕರು 2002ರಲ್ಲಿ ಒಂದು ವಿಷಯ ಮಂಡಿಸಿದರು: 'ಅ' ಎಂದರೆ ಚಿಕ್ಕ ನಿಲುಗಡೆ, 'ಅಂ' ಎಂದರೆ ಇನ್ನೂ ಸ್ವಲ್ಪ ಕಾಯಿರಿ ಎಂಬ ಸೂಚನೆ. ಅಂದರೆ ಅವು ಬರೀ ಕಸವಲ್ಲ, ಅವಕ್ಕೂ ಕೆಲಸವಿದೆ. ನಮ್ಮ 'ಅದು ಬಂದ್ಬಿಟ್ಟು', 'ಏನಂದ್ರೆ' ಕೂಡ ಹೀಗೆಯೇ. ಪಾಪ, ಕ್ಷಮಿಸಿಬಿಡಿ.

ಮೂರನೆಯದು ನುಣುಚಿಕೊಳ್ಳುವ ಮಾತು. 'ವಿ ವಿಲ್ ಗೆಟ್ ಬ್ಯಾಕ್ ಟು ಯೂ'. ಯಾರು? ಯಾವಾಗ? ಉತ್ತರವಿಲ್ಲ. 'ಮಿಸ್ಟೇಕ್ಸ್ ವರ್ ಮೇಡ್'. ತಪ್ಪಾಗಿದೆ, ಮಾಡಿದವರು ಮಾತ್ರ ಯಾರೂ ಇಲ್ಲ! 'ಯುವರ್ ಕಾಲ್ ಈಸ್ ಇಂಪಾರ್ಟೆಂಟ್ ಟು ಅಸ್' ಎಂದು ಅರ್ಧ ಗಂಟೆ ಸಂಗೀತ ಕೇಳಿಸಿದರೆ, ಆ ಕಡೆ ಆಸ್ಪತ್ರೆ ಬಿಲ್ಲು ಹಿಡಿದು ಕಾಯುತ್ತಿರುವವರ ಗತಿ ಏನು? ಇಲ್ಲಿ ಸಿಟ್ಟು ಬರಲೇಬೇಕು. ಈ ಮಾತು ಹುಟ್ಟಿರುವುದೇ ಉತ್ತರ ಕೊಡದಿರುವುದಕ್ಕೆ.

ನಾಲ್ಕನೆಯದು ಬೇರೆ ನೆಲದ ಮಾತು. 'ಡೂ ದಿ ನೀಡ್‌ಫುಲ್' ಎಂದರೆ ಹೊರದೇಶದವರು ನಗುತ್ತಾರೆ. ಅದು ಒಂದು ಕಾಲದಲ್ಲಿ ಬ್ರಿಟಿಷರೇ ಬಳಸುತ್ತಿದ್ದ ಮಾತು. ಅಲ್ಲಿ ಮರೆಯಾಯಿತು, ನಮ್ಮ ಕಚೇರಿ ಪತ್ರಗಳಲ್ಲಿ ಉಳಿಯಿತು. ಇನ್ನು 'ಪ್ರಿಪೋನ್'! 'ಪೋಸ್ಟ್‌ಪೋನ್' ಇರುವಾಗ ಅದಕ್ಕೆ ಎದುರು ಪದ ಬೇಡವೇ? ಅರ್ಥ ಸ್ಪಷ್ಟ, ಕೆಲಸಕ್ಕೆ ಬರುವ ಪದ.

ಈಗ ಯೋಚಿಸಿ. ಹಾವೇರಿಯಿಂದಲೋ ಹಾಸನದಿಂದಲೋ ಪುಣೆಗೆ ಕೆಲಸಕ್ಕೆ ಬಂದ ಹುಡುಗಿ ಮೀಟಿಂಗಿನಲ್ಲಿ 'ಪ್ರಿಪೋನ್' ಎಂದಳು. ನಾಲ್ಕು ಜನ ನಕ್ಕರು. ಮರುದಿನದಿಂದ ಅವಳು ಬಾಯಿಯೇ ತೆರೆಯುವುದಿಲ್ಲ. ಪಕ್ಕದಲ್ಲೇ 'ಎಂಡ್ ಆಫ್ ದಿ ಡೇ' ಎಂದು ಏನೂ ಹೇಳದೆ ಅರ್ಧ ಗಂಟೆ ಮಾತಾಡಿದವರಿಗೆ ಎಲ್ಲರೂ ತಲೆದೂಗುತ್ತಾರೆ. ನಷ್ಟ ಯಾರಿಗೆ?

ಹಾಗಾಗಿ ಮುಂದಿನ ಸಲ ಕಿವಿ ಚುರುಗುಟ್ಟಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮಾತು ಏನನ್ನಾದರೂ ಮುಚ್ಚಿಡುತ್ತಿದೆಯೇ? ಹೌದಾದರೆ ಧೈರ್ಯವಾಗಿ 'ಯಾರು, ಯಾವಾಗ?' ಎಂದು ಕೇಳಿ. ಅಲ್ಲವಾದರೆ ನಕ್ಕು ಬಿಟ್ಟುಬಿಡಿ.

ಅಂದ ಹಾಗೆ, ನಿಮ್ಮ ತಲೆ ತಿನ್ನುವ ಇಂಗ್ಲಿಷ್ ಮಾತು ಯಾವುದು? ಬರೆದು ತಿಳಿಸಿ. ಕನ್ನಡದ್ದಾದರೂ ಸರಿ, ಬೇಜಾರಿಲ್ಲ! ಮತ್ತೆ ರೇಡಿಯೋದಲ್ಲಿ ಸಿಗೋಣ.