ಉಕ್ಕು ಕೊಯ್ಯುವಾಗ ಬಿಸಿ ಎಲ್ಲಿಗೆ ಹೋಗುತ್ತದೆ?

ವೆಲ್ಡಿಂಗ್ ಶಾಪಿನ ಮುಂದೆ ಹಾದುಹೋಗುವಾಗ ಕಿಡಿಗಳ ಧಾರೆ ಕಾಣದವರು ಕಡಿಮೆ. ತಿರುಗುವ ಚಕ್ರ ಪೈಪಿನ ಮೇಲೆ ಇಳಿದೊಡನೆ ಕಿವಿಗಡಚಿಕ್ಕುವ ಸದ್ದು, ಅದರ ಬೆನ್ನಿಗೇ ಕಿಡಿ. ಒಂದೊಂದು ಕಿಡಿಯೂ ಉರಿಯುತ್ತಿರುವ ಕಬ್ಬಿಣದ ಕಣ. ಕಿತ್ತುಬರುವಾಗಲೇ ಕೆಂಪಗೆ ಕಾದಿರುವ ಆ ಚೂರು ಗಾಳಿಯ ಆಮ್ಲಜನಕ ತಾಗಿ ಹೊತ್ತಿಕೊಳ್ಳುತ್ತದೆ. ಉಕ್ಕಿನಲ್ಲಿ ಇಂಗಾಲ ಹೆಚ್ಚಿದ್ದರೆ ಕಿಡಿಯ ತುದಿ ಕವಲೊಡೆದು ಸಿಡಿಯುತ್ತದೆ. ಪಳಗಿದ ಕೆಲಸಗಾರರು ಅದನ್ನು ನೋಡಿಯೇ ಉಕ್ಕಿನ ಜಾತಿ ಅಂದಾಜು ಮಾಡುತ್ತಾರೆ.

ಈ ಕಿಡಿ ಹಾರಿಸುವ ಯಂತ್ರವೇ ಚಾಪ್ ಸಾ. ಇದರ ಚಕ್ರಕ್ಕೆ ಹಲ್ಲಿಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳನ್ನು ರಾಳದಲ್ಲಿ ಬೆರೆಸಿ ಒತ್ತಿ ಮಾಡಿದ ತೆಳು ಬಿಲ್ಲೆ ಅದು. 14 ಇಂಚಿನ, ಅಂದರೆ 355 ಮಿ.ಮೀ. ಚಕ್ರ ನಿಮಿಷಕ್ಕೆ ಸುಮಾರು 3,800 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 250 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಹರಳುಗಳ ಮೊನೆ ಅಡ್ಡಾದಿಡ್ಡಿ. ಕೆಲವು ಉಕ್ಕನ್ನು ಕೆರೆದು ತೆಗೆಯುತ್ತವೆ, ಬಹಳಷ್ಟು ಬರೀ ಉಜ್ಜುತ್ತವೆ. ಹೀಗಾಗಿ ಅಷ್ಟೇ ಉಕ್ಕನ್ನು ತೆಗೆಯಲು ಹರಿತ ಹಲ್ಲಿಗೆ ಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚು ಶಕ್ತಿ ಬೇಕು. ಆ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಕಿಡಿಗಳು ಒಯ್ಯುವುದು ಅದರಲ್ಲಿ ಸ್ವಲ್ಪವೇ. ದೊಡ್ಡ ಪಾಲು ನೀವು ಕೊಯ್ಯುತ್ತಿರುವ ಸರಳಿನೊಳಗೇ ಇಳಿಯುತ್ತದೆ. ಕೊಯ್ದ ಬಾಯಿ ನೀಲಿಗಟ್ಟುವುದು ಈ ಕಾರಣಕ್ಕೆ: ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿನ ಮೇಲೆ ಮೂಡುವ ತೆಳು ಆಕ್ಸೈಡ್ ಪದರದ ಬಣ್ಣ ಅದು.

ಗೇಟು, ಗ್ರಿಲ್ಲು ಮಾಡುವವರಿಗೆ ಇದರಿಂದ ತೊಂದರೆಯಿಲ್ಲ. ಅವರು ಬಳಸುವ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪು, ಆ್ಯಂಗಲ್‌ಗಳಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ, ಕಾದು ತಣಿದರೂ ಅಷ್ಟಾಗಿ ಗಡುಸಾಗುವುದಿಲ್ಲ. ಬುರ್ರು ತೆಗೆದು ವೆಲ್ಡ್ ಮಾಡಿದರೆ ಮುಗಿಯಿತು. ಶಾಫ್ಟಿಗೆ ಬಳಸುವ ಇಎನ್ 8 ಉಕ್ಕಿನ ಕತೆ ಬೇರೆ. ಅದರಲ್ಲಿ ಇಂಗಾಲ ಸುಮಾರು ಶೇ. 0.4. ಅಂಚು 730 ಡಿಗ್ರಿ ದಾಟಿ ಕಾದರೆ, ಪಕ್ಕದ ತಣ್ಣನೆಯ ಉಕ್ಕು ಆ ಬಿಸಿಯನ್ನು ಥಟ್ಟನೆ ಹೀರಿಕೊಂಡು ಅಂಚನ್ನು ಗಡುಸಾಗಿಸಿಬಿಡುತ್ತದೆ. ಆಮೇಲೆ ಲೇತಿನಲ್ಲಿ ಫೇಸಿಂಗ್ ಮಾಡಲು ಹೋದರೆ ಟೂಲಿನ ಮೊನೆ ಹೋಗುತ್ತದೆ. ಟ್ಯಾಪ್ ಮುರಿದರೆ ಅರ್ಧ ದಿನದ ಕೆಲಸ ಹಾಳು. ಕೊಯ್ಯುವಾಗ ಉಳಿಸಿದ ಎರಡು ನಿಮಿಷಕ್ಕೆ ಇದು ಬಹಳ ದುಬಾರಿ ಬೆಲೆ.

ಹಲ್ಲಿನ ಗರಗಸದಲ್ಲಿ ಬಿಸಿ ಬೇರೆ ದಾರಿ ಹಿಡಿಯುತ್ತದೆ. ಹಲ್ಲು ಉಕ್ಕಿನೊಳಗೆ ನುಗ್ಗಿ ಒಂದು ಸುರುಳಿಯನ್ನು ಎಬ್ಬಿಸುತ್ತದೆ. ಬಿಸಿಯ ಬಹುಪಾಲು ಆ ಸುರುಳಿಯೊಂದಿಗೇ ಹೊರಬೀಳುತ್ತದೆ. ಆದರೆ ಹಲ್ಲಿಗೂ ಒಂದು ಮಿತಿಯಿದೆ. ಸಾಧಾರಣ ಕಾರ್ಬನ್ ಸ್ಟೀಲಿನ ಹಲ್ಲು 250 ಡಿಗ್ರಿ ಮೀರಿದರೆ ಮೆತ್ತಗಾಗುತ್ತದೆ. ಅಮೆರಿಕದ ಟೇಲರ್ ಮತ್ತು ವೈಟ್ ರೂಪಿಸಿ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ ಹೈಸ್ಪೀಡ್ ಸ್ಟೀಲ್ 600 ಡಿಗ್ರಿಯ ಆಸುಪಾಸಿನವರೆಗೂ ಗಡಸುತನ ಬಿಡಲಿಲ್ಲ. ಇಂದಿನ ಬ್ಯಾಂಡ್ ಸಾ, ಅಂದರೆ ಪಟ್ಟಿ ಗರಗಸದ ಬೈಮೆಟಲ್ ಬ್ಲೇಡಿನ ಹಲ್ಲಿನಲ್ಲಿರುವುದು ಅದರ ವಂಶದ್ದೇ ಉಕ್ಕು. ಬಾಗಿ ಬಾಗಿ ಸುತ್ತಬೇಕಾದ ಬೆನ್ನಿಗೆ ಸ್ಪ್ರಿಂಗಿನಂಥ ಉಕ್ಕು, ಕೊಯ್ಯುವ ಅಂಚಿಗೆ ಹೈಸ್ಪೀಡ್ ಸ್ಟೀಲ್. ಎರಡನ್ನೂ ಬೆಸೆದು ಆಮೇಲೆ ಹಲ್ಲು ಕತ್ತರಿಸುತ್ತಾರೆ.

ಇಷ್ಟಾದರೂ ಹಲ್ಲು ನಿಧಾನವಾಗಿಯೇ ಓಡಬೇಕು. ಬ್ಯಾಂಡ್ ಸಾದಲ್ಲಿ ಎಂ.ಎಸ್.ಗೆ ನಿಮಿಷಕ್ಕೆ 60–80 ಮೀಟರ್ ವೇಗ ಸಾಕು, ಅಂದರೆ ನಾವು ನಡೆಯುವ ವೇಗ. ಸ್ಟೇನ್‌ಲೆಸ್ ಸ್ಟೀಲಿಗೆ ಅದರ ಅರ್ಧ. ಆದರೆ ಸ್ಟೇನ್‌ಲೆಸ್‌ನಲ್ಲಿ ಬ್ಲೇಡನ್ನು ಗಟ್ಟಿಯಾಗಿ ಒತ್ತಲೇಬೇಕು. ಅಂಜಿ ಹಗುರಾಗಿ ಬಿಟ್ಟರೆ ಹಲ್ಲು ಕೊಯ್ಯದೆ ಉಜ್ಜುತ್ತದೆ, ಉಜ್ಜಿದ ಜಾಗ ಗಡುಸಾಗುತ್ತದೆ, ಮುಂದಿನ ಹಲ್ಲು ಅಲ್ಲಿ ಜಾರುತ್ತದೆ. ಹಾಲಿನ ಬಣ್ಣದ ಕೂಲಂಟ್ ನೀರು ಸದಾ ಹರಿಯುತ್ತಿರಲಿ.

ಹಲ್ಲಿನ ಅಳತೆಗೂ ಗಮನ ಬೇಕು. ಕೊಯ್ಯುವ ದಪ್ಪದೊಳಗೆ ಒಂದೇ ಸಲಕ್ಕೆ ಕನಿಷ್ಠ ಎರಡು-ಮೂರು ಹಲ್ಲು ಕೂರಬೇಕು. ತೆಳು ಪೈಪಿಗೆ ಇಂಚಿಗೆ 14 ಹಲ್ಲಿನ ಬ್ಲೇಡು ಹಾಕಿದರೆ ಪೈಪಿನ ಗೋಡೆ ಎರಡು ಹಲ್ಲುಗಳ ನಡುವಿನ ಸಂದಿಗೆ ಬಿದ್ದು ಹಲ್ಲು ಕಿತ್ತುಹೋಗುತ್ತದೆ. ಕೈ ಹ್ಯಾಕ್ಸಾದಲ್ಲಿ ಅಂಥ ಪೈಪಿಗೆ 32, ಸಾಧಾರಣ ಕೆಲಸಕ್ಕೆ 18 ಅಥವಾ 24 ಹಲ್ಲಿನದು ಸರಿ. ಬೆಂಗಳೂರಿನ ಪೀಣ್ಯದಂಥ ಕಡೆ ಸಣ್ಣ ಶಾಪುಗಳಲ್ಲಿ ಇರುವ ಪವರ್ ಹ್ಯಾಕ್ಸಾ ನಂಬಿಗಸ್ತ ಯಂತ್ರ. ಆದರೆ ಹೋಗಿಬರುವ ಎರಡು ಓಟದಲ್ಲಿ ಅದು ಕೊಯ್ಯುವುದು ಒಂದರಲ್ಲಿ ಮಾತ್ರ.

ಹಾಗಾಗಿ ನನ್ನ ಮತ ಇಷ್ಟು. ಬರೀ ಗೇಟು, ಗ್ರಿಲ್ಲಿನ ಕೆಲಸವಾದರೆ ಚಾಪ್ ಸಾ ಸಾಕು. ಕೊಯ್ದ ತುಂಡು ಮುಂದೆ ಲೇತಿಗೋ ಡ್ರಿಲ್ಲಿಗೋ ಹೋಗುವುದಾದರೆ, ಸಣ್ಣದಾದರೂ ಅಡ್ಡ ಬ್ಯಾಂಡ್ ಸಾ ಒಂದನ್ನೇ ಕೊಳ್ಳಿ.

ಇವೆರಡರ ನಡುವೆ ಕಾರ್ಬೈಡ್ ಹಲ್ಲಿನ ಡ್ರೈ ಕಟ್ ಯಂತ್ರವೂ ಇದೆ. ನಿಮಿಷಕ್ಕೆ 1,300–1,500 ಸುತ್ತಿನಲ್ಲಿ ತಿರುಗಿ, ಕೂಲಂಟ್ ಇಲ್ಲದೆಯೇ ಅಚ್ಚುಕಟ್ಟಾಗಿ ಕೊಯ್ಯುತ್ತದೆ. ಅದರ 355 ಮಿ.ಮೀ. ಬ್ಲೇಡು ಎಷ್ಟೋ ಸಲ ಹಳೆಯ ಚಾಪ್ ಸಾದ ಸ್ಪಿಂಡಲ್ಲಿಗೂ ಸರಿಯಾಗಿ ಕೂರುತ್ತದೆ. ಕೂತಿತೆಂದು ಹಾಕಿ ತಿರುಗಿಸಬೇಡಿ. 3,800 ಸುತ್ತಿಗೆ ಆ ಬ್ಲೇಡು ಮಾಡಿದ್ದಲ್ಲ. ಕಿತ್ತ ಹಲ್ಲು ಹಾರುವುದು ಎದುರು ನಿಂತವರ ಮುಖಕ್ಕೆ. ಬ್ಲೇಡಿನ ಮೇಲೆ ಅಚ್ಚು ಹಾಕಿರುವ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಹೆಚ್ಚಿದೆಯೇ ಎಂದು ಪ್ರತಿ ಸಲವೂ ಓದಿ ನೋಡಿ.