ಸೊನ್ನೆ ಮಿಲಿಸೆಕೆಂಡಿನ ಲೆಕ್ಕ

ಬೊಮ್ಮಸಂದ್ರಕ್ಕೆ ಮೆಟ್ರೋ ರೈಲು ಬಂದದ್ದು 2025ರ ಆಗಸ್ಟಿನಲ್ಲಿ. ಆ ರೈಲಿನ ಬಾಗಿಲು ಒಂದು ನಿಲ್ದಾಣದಲ್ಲಿ ಎಷ್ಟು ಹೊತ್ತು ತೆರೆದಿರುವುದೆಂಬುದನ್ನು, ನಿಮಿಷವನ್ನಷ್ಟೇ ತೋರಿಸುವ ಗಡಿಯಾರದಿಂದ ಅಳೆಯಹೊರಟೆವೆನ್ನೋಣ. ತೆರೆದಾಗ 9-15, ಮುಚ್ಚಿದಾಗಲೂ 9-15. ಹಾಗೆಂದು ಬಾಗಿಲು ತೆರೆಯಲೇ ಇಲ್ಲವೆಂದು ಬರೆದುಕೊಳ್ಳಬಹುದೆ?

ಆ ಊರಿನ ವಿದ್ಯಾರ್ಥಿಯೊಬ್ಬನು ಈಚೆಗೆ ಹೆಚ್ಚುಕಡಿಮೆ ಹೀಗೆಯೇ ಬರೆದುಕೊಂಡು ನಮ್ಮಲ್ಲಿಗೆ ಬಂದನು. ಇಪ್ಪತ್ತು ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಮು ಅವನದು. ಅದಕ್ಕೆ ಹಿಡಿದ ಕಾಲ ಸೊನ್ನೆ! ಅವನು ನೆಚ್ಚಿದ್ದು ‘ಡೇಟ್ ನೌ’ ಎಂಬ ಗಡಿಯಾರವನ್ನು. ಅದು 1970ರ ಜನವರಿ 1ರಿಂದ ಕಳೆದ ಮಿಲಿಸೆಕೆಂಡುಗಳನ್ನು ಇಡಿಯಾಗಿ ಎಣಿಸುತ್ತದೆ. ಅದಕ್ಕಿಂತ ಸಣ್ಣ ಕಾಲ ಅದರ ಕಣ್ಣಿಗೆ ಬೀಳದು. ಮೇಲಾಗಿ, ಗಣಕದ ವೇಳೆಯನ್ನು ನಡುವೆ ಯಾರಾದರೂ ತಿದ್ದಿದರೆ ಉತ್ತರವು ಋಣಸಂಖ್ಯೆಯೂ ಆದೀತು. ‘ಪರ್ಫಾರ್ಮೆನ್ಸ್ ನೌ’ ಎಂಬ ಇನ್ನೊಂದು ಗಡಿಯಾರ ಎಂದೂ ಹಿಂದಕ್ಕೆ ಸರಿಯದು. ಮಿಲಿಸೆಕೆಂಡಿನ ಭಾಗಗಳನ್ನೂ ತೋರುವುದು. ಅಳತೆಗೆ ಅದೇ ಯೋಗ್ಯ.

ಆದರೆ ಅದನ್ನೂ ಬೇಕೆಂದೇ ಮೊಂಡು ಮಾಡಿರುವರು! ಕಾರಣ, 2018ರ ಜನವರಿಯಲ್ಲಿ ಬಯಲಾದ ‘ಸ್ಪೆಕ್ಟರ್’ ಎಂಬ ದೋಷ. ಸಂಸ್ಕಾರಕವು ಮುಂದಿನ ಕೆಲಸವನ್ನು ಊಹಿಸಿ ಮಾಹಿತಿಯನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ. ಊಹೆ ತಪ್ಪಿದರೂ ತಂದದ್ದು ಕೈಗೆಟಕುವ ‘ಕ್ಯಾಶ್’ ಸ್ಮೃತಿಯಲ್ಲಿಯೇ ಉಳಿದಿರುವುದು. ಅಲ್ಲಿಂದ ಓದುವುದು ಬೇಗ, ಮುಖ್ಯ ಸ್ಮೃತಿಯಿಂದ ಓದುವುದು ತಡ. ಈ ಅಂತರವನ್ನು ಅಳೆಯಬಲ್ಲವನು ಗುಟ್ಟಿನ ಮಾಹಿತಿಯನ್ನು ಊಹಿಸಬಲ್ಲನು. ಗಡಿಯಾರವೇ ಕಳ್ಳನ ಕನ್ನಗತ್ತರಿಯಾಯಿತು! ಆದುದರಿಂದ ಕ್ರೋಮ್ ಬ್ರೌಸರಿನಲ್ಲಿ ಸಾಮಾನ್ಯ ಪುಟಕ್ಕೆ ದೊರಕುವ ಸೂಕ್ಷ್ಮತೆ 100 ಮೈಕ್ರೋಸೆಕೆಂಡು ಮಾತ್ರ.

ಇದಕ್ಕೆ ಉಪಾಯವನ್ನು ವಾಚಕರು ಶಾಲೆಯಲ್ಲಿಯೇ ಕಲಿತಿರುವರು. ಲೋಲಕದ ಒಂದು ಆಂದೋಲನವನ್ನು ನಾವು ಅಳೆಯುವುದಿಲ್ಲ. ಇಪ್ಪತ್ತನ್ನು ಅಳೆದು ಭಾಗಿಸುತ್ತೇವೆ. ಪ್ರೋಗ್ರಾಮನ್ನೂ ಲಕ್ಷ ಸಲ ಓಡಿಸಿ ಭಾಗಿಸಬಹುದು. ಆದರೆ ಲೋಲಕಕ್ಕೆ ಅಭ್ಯಾಸಬಲವಿಲ್ಲ, ಜಾವಾಸ್ಕ್ರಿಪ್ಟಿಗೆ ಉಂಟು. ಮೊದಮೊದಲು ಅದು ಆದೇಶಗಳನ್ನು ಒಂದೊಂದಾಗಿ ಅರ್ಥಮಾಡಿಕೊಂಡು ನಡೆಯುವುದು. ಒಂದು ಭಾಗ ಮತ್ತೆಮತ್ತೆ ಬಂದರೆ ಅದನ್ನು ಯಂತ್ರಭಾಷೆಗೆ ಇಳಿಸಿ ವೇಗವಾಗಿ ಓಡಿಸುವುದು. ಆದುದರಿಂದ ಆರಂಭದ ಓಟಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಫಲಿತಾಂಶವನ್ನು ಎಲ್ಲಿಯೂ ಬಳಸದಿದ್ದರೆ ಅದು ಕೆಲಸವನ್ನೇ ಕೈಬಿಟ್ಟರೂ ಬಿಟ್ಟೀತು. ಆಗ ನಾವು ಅಳೆದದ್ದು ಬರಿಯ ಶೂನ್ಯವನ್ನು.

ನಮ್ಮ ವಿದ್ಯಾರ್ಥಿ ಲಕ್ಷ ಸಲ ಓಡಿಸಿ ಹಿಗ್ಗುತ್ತ ಮರಳಿದನು. ನೋಡಿದರೆ, ಮೊದಲ ಸಲವೇ ಕ್ರಮಗೊಂಡಿದ್ದ ಸಾಲನ್ನೇ ಉಳಿದ 99,999 ಸಲವೂ ಜೋಡಿಸಿದ್ದನು! ಪ್ರತಿ ಸಲವೂ ಮೂಲ ಸಾಲಿನ ಹೊಸ ನಕಲನ್ನು ಕೊಟ್ಟು, ನಕಲಿಗೆ ಹಿಡಿಯುವ ಕಾಲವನ್ನು ಬೇರೆಯಾಗಿ ಅಳೆದು ಕಳೆಯುವಂತೆ ಹೇಳಿ ಕಳುಹಿಸಿದೆವು.