ವೈರಿ ದೇಶದಿಂದ ಬಂದ ಸಾಕ್ಷ್ಯ

ಪಾಣತ್ತೂರು ದಾಟಿ ಕರಿಕೆ ಘಟ್ಟ ಹತ್ತಿದರೆ ಕೊಡಗು. ಆ ನಾಡಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಹಿಂದಿರುಗಲಿಲ್ಲ. ಬೇರೆಯವರು ಹೊರಡಲಾಗದಿದ್ದರೆ ಮಾತ್ರ ಹೊರಡಬೇಕಾದ ಮೀಸಲು ವೈಮಾನಿಕರವರು, ಹಾಗೆಯೇ ಹೊರಟರು. ಸರಕಾರಿ ಕಡತದಲ್ಲಿ 'ಕಾಣೆಯಾದವರು' ಎಂದಾಯಿತು.

ಅವರದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಎದುರಾದದ್ದು ಶಬ್ದದ ಇಮ್ಮಡಿ ವೇಗದ ಅಮೆರಿಕನ್ ಸ್ಟಾರ್‌ಫೈಟರ್. ಗುಂಡೇಟು ತಿಂದ ವಿಮಾನದಲ್ಲೇ ತಿರುಗಿ ಬಿದ್ದ ದೇವಯ್ಯನವರು ಅದನ್ನು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿಳಿದು ಬದುಕಿಕೊಂಡರು. ದೇವಯ್ಯನವರು ಉಳಿಯಲಿಲ್ಲ.

ಇದು ಬೆಳಕಿಗೆ ಬಂದದ್ದು 1979ರಲ್ಲಿ, ಅದೂ ಪಾಕಿಸ್ತಾನದ ಕಡೆಯ ಮಾಹಿತಿ ಪಡೆದು ಬರೆದ ಆಂಗ್ಲ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕದಿಂದ! ಮತ್ತೆಯೂ ಒಂಬತ್ತು ವರ್ಷ ಕಳೆದು, 1988ರಲ್ಲಿ ಪತ್ನಿ ಸುಂದರಿ ದೇವಯ್ಯನವರು ಮಹಾವೀರ ಚಕ್ರವನ್ನು ಸ್ವೀಕರಿಸಿದರು. ವಾಯುಪಡೆಯಲ್ಲಿ ಆ ಪದಕ ಮರಣೋತ್ತರವಾಗಿ ಸಂದಿರುವುದು ಇವರೊಬ್ಬರಿಗೇ.

ಮಡಿಕೇರಿಯ ವೃತ್ತವೊಂದಕ್ಕೆ ಅವರ ಹೆಸರಿದೆ. 2025ರ ಹಿಂದಿ ಚಿತ್ರ 'ಸ್ಕೈ ಫೋರ್ಸ್'ಗೆ ಅವರ ಕಥೆಯೇ ಆಧಾರ; ಪಾತ್ರದ ಹೆಸರು ಮಾತ್ರ ಬೇರೆ. ಚಿತ್ರ ನೋಡಿ ಬಂದ ಮಕ್ಕಳಿಗೆ ನಿಜವಾದ ಹೆಸರನ್ನು ನಾವೇ ಬರೆಸಿಕೊಡಬೇಕಾಗಿದೆ.